ಯೂಟ್ಯೂಬ್‌ಗೆ ಬರದಿದ್ದಕ್ಕೆ ಹೋಗಿ: ಮುಂಬಯಿ, ಪುಣೆ, ಗೋವಾದ ಟೆಕ್ ಕೂಟಗಳ ಕೈಪಿಡಿ

ಮೊದಲೇ ಹೇಳಿಬಿಡುತ್ತೇನೆ, ಟೆಕ್ ಕಾನ್ಫರೆನ್ಸ್‌ಗೆ ಭಾಷಣ ಕೇಳೋಕೆ ಅಂತ ಹೋಗಬೇಡಿ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯವರ ಸಮ್ಮೇಳನ ಪೈಕಾನ್ ಇಂಡಿಯಾದಂಥ ಕಡೆ ಆಗುವ ಭಾಷಣಗಳು ಆಮೇಲೆ ಯೂಟ್ಯೂಬ್‌ಗೆ ಬರುತ್ತವೆ. ಮನೆಯಲ್ಲಿ ಕಾಲು ಚಾಚಿ, ಬೇಡದ್ದನ್ನು ಹಾರಿಸಿ ನೋಡಬಹುದು. ಟಿಕೆಟ್ ದುಡ್ಡು, ಒಂದು ರಜೆ, ಲೋಕಲ್‌ನ ನೂಕುನುಗ್ಗಲು ಇಷ್ಟನ್ನೆಲ್ಲ ಕೊಟ್ಟು ಹೋಗೋದು ವಿಡಿಯೊದಲ್ಲಿ ಸಿಗದೇ ಇರುವುದಕ್ಕೆ. ಭಾಷಣ ಮುಗಿಸಿ ಕೆಳಗಿಳಿದವರ ಹತ್ತಿರ ಐದು ನಿಮಿಷ ನಿಂತು ಕೇಳುವ ಪ್ರಶ್ನೆ, ಚಹಾದ ಸಾಲಿನಲ್ಲಿ ಸಿಕ್ಕವರು ‘ಅಯ್ಯೋ, ನಮ್ಮಲ್ಲೂ ಅದೇ ಗೋಳು’ ಎಂದು ಬಿಚ್ಚಿಡುವ ಒಳಗಿನ ಸುದ್ದಿ, ನಿಮ್ಮ ಲ್ಯಾಪ್‌ಟಾಪ್ ಕಡೆ ಬಗ್ಗಿ ನೋಡಿ ‘ಈ ಸಾಲು ತೆಗೀರಿ’ ಅನ್ನುವ ಅಪರಿಚಿತರು. ಈ ಲೆಕ್ಕ ತಲೆಯಲ್ಲಿದ್ದರೆ ಯಾವುದಕ್ಕೆ ಹೋಗಬೇಕು, ಎಲ್ಲಿ ಉಳಿಯಬೇಕು, ಯಾವಾಗ ಎದ್ದು ಬರಬೇಕು ಎಲ್ಲ ಸುಲಭ.

ಯಾವುದರಿಂದ ಶುರು ಮಾಡೋದು

ದೊಡ್ಡದರಿಂದ ಬೇಡ. ಮುಂಬಯಿಯ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್, ಅಂದರೆ ಬಿಕೆಸಿಯ ಜಿಯೋ ವರ್ಲ್ಡ್ ಕನ್ವೆನ್ಷನ್ ಸೆಂಟರ್‌ನಲ್ಲಿ ನಡೆದಿರುವ ಗ್ಲೋಬಲ್ ಫಿನ್‌ಟೆಕ್ ಫೆಸ್ಟ್‌ನಂಥವು ವ್ಯಾಪಾರದ ಜಾತ್ರೆಗಳು. ಮಾರುವವರು, ಕೊಳ್ಳುವವರು, ಬಂಡವಾಳ ಹುಡುಕುವವರು ಸೇರುವ ಜಾಗ. ನಿಮ್ಮ ಕೆಲಸವೂ ಅದೇ ಆಗಿದ್ದರೆ ಖಂಡಿತ ಹೋಗಿ. ಇಲ್ಲದಿದ್ದರೆ ದಿನವಿಡೀ ಸ್ಟಾಲ್ ಸುತ್ತಿ, ಬ್ಯಾಗ್ ತುಂಬ ಕರಪತ್ರ ತುಂಬಿಕೊಂಡು ಬರುತ್ತೀರಿ, ಅಷ್ಟೇ.

ಎರಡನೆಯದು, ಸಮುದಾಯದವರೇ ನಡೆಸುವ ಸಮ್ಮೇಳನಗಳು. ವೆಬ್‌ಸೈಟ್ ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್‌ನ ಬಳಗದ ವರ್ಡ್‌ಕ್ಯಾಂಪ್ ಮುಂಬಯಿಯಲ್ಲೂ ಪುಣೆಯಲ್ಲೂ ನಡೆದಿದೆ. ಗೂಗಲ್ ಡೆವಲಪರ್ ಗ್ರೂಪ್‌ಗಳ ಡೆವ್‌ಫೆಸ್ಟ್ ಕೂಡ ಹಾಗೇ. ಪೈಕಾನ್ ಇಂಡಿಯಾ 2009ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ ಆಮೇಲೆ ಊರು ಬದಲಿಸುತ್ತಾ ಬಂದಿದೆ, 2011ರಲ್ಲಿ ಪುಣೆಗೆ ಬಂದಿತ್ತು. ಗೋವಾ ಅಂದರೆ ನಲ್‌ಕಾನ್. ಅದು 2010ರಲ್ಲಿ ಶುರುವಾದ ಕಂಪ್ಯೂಟರ್ ಸೆಕ್ಯುರಿಟಿಯವರ ಕೂಟ. ಇವುಗಳಲ್ಲಿ ಓಡಾಡುವ ಸ್ವಯಂಸೇವಕರು ಬಹಳಷ್ಟು ಮಂದಿ ಬೇರೆ ಕಡೆ ನೌಕರಿ ಮಾಡುವವರೇ, ಹಾಗಾಗಿ ಮಾತಾಡಿಸೋದು ಸುಲಭ.

ಆದರೆ ಹೊಸಬರು ಮೂರನೆಯದರಿಂದ ಶುರು ಮಾಡೋದೇ ಒಳ್ಳೆಯದು. ಊರಿನ ಸಣ್ಣ ಮೀಟಪ್‌ಗಳು. ಮುಂಬಯಿ, ಪುಣೆ ಎರಡರಲ್ಲೂ ಮುಕ್ತ ತಂತ್ರಾಂಶದವರ ಫಾಸ್ ಯುನೈಟೆಡ್‌ನ ಬಳಗ ಇದೆ, ಪೈಥಾನ್ ಗುಂಪುಗಳಿವೆ, ನಲ್ ಎಂಬ ಸೆಕ್ಯುರಿಟಿ ಸಮುದಾಯದ ಶಾಖೆಗಳಿವೆ. ನಲ್‌ಕಾನ್ ಹುಟ್ಟಿದ್ದೇ ಈ ನಲ್ ಬಳಗದಿಂದ. ಇಂಥ ಮೀಟಪ್‌ಗಳು ಹೆಚ್ಚಾಗಿ ಉಚಿತ, ಶನಿವಾರವೋ ಭಾನುವಾರವೋ ಯಾವುದಾದರೂ ಕಂಪನಿಯ ಆಫೀಸಿನಲ್ಲಿ ಅಥವಾ ಕಾಲೇಜಿನಲ್ಲಿ ಅರ್ಧ ದಿನ. ಮೂವತ್ತು-ನಲವತ್ತು ಜನರಿರುವ ಕೋಣೆಯಲ್ಲಿ ಮುಖ ಮುಚ್ಚಿಕೊಂಡು ಕೂರೋಕಾಗಲ್ಲ, ಅದೇ ಅದರ ಲಾಭ. ಮುಂದಿನ ತಿಂಗಳು ಅದೇ ಮುಖಗಳು ಮತ್ತೆ ಸಿಗುತ್ತವೆ. ಮೂರನೇ ಸಲಕ್ಕೆ ಯಾರೋ ನಿಮ್ಮ ಹೆಸರು ಹಿಡಿದು ಕರೆಯುತ್ತಾರೆ. ಆಮೇಲೆ ವರ್ಷಕ್ಕೊಂದು ದೊಡ್ಡ ಸಮ್ಮೇಳನಕ್ಕೆ ಹೋದಾಗ ಅಲ್ಲಿ ನೀವು ಒಬ್ಬಂಟಿ ಅಲ್ಲ.

ಕೋಡ್ ಬರೆಯೋಕೆ ಬರಲ್ಲ ಅಂತ ಹಿಂಜರಿಯುವವರಿಗೂ ಜಾಗ ಇದೆ. ಅನುವಾದ, ಡಾಕ್ಯುಮೆಂಟೇಷನ್, ವಿನ್ಯಾಸ, ವಿಕಿಪೀಡಿಯ ಎಲ್ಲಕ್ಕೂ ಜನ ಬೇಕು. ಭಾರತದ ಮೊದಲ ವಿಕಿ ಸಮ್ಮೇಳನ ಆಗಿದ್ದು ಮುಂಬಯಿ ವಿಶ್ವವಿದ್ಯಾಲಯದಲ್ಲಿ, 2011ರ ನವೆಂಬರ್‌ನಲ್ಲಿ. ನಮ್ಮ ಕನ್ನಡ ವಿಕಿಪೀಡಿಯ ಅಂತೂ 2003ರಿಂದಲೇ ಇದೆ.

ಉಚಿತ ಅಂತ ಸುಮ್ನೆ ಹೆಸರು ಕೊಟ್ಟು ಕೂರಬೇಡಿ. ಎಷ್ಟು ಹೆಸರು ಬಂದಿದೆಯೋ ಅಷ್ಟಕ್ಕೆ ಸಮೋಸ, ವಡಾಪಾವ್ ತರಿಸುತ್ತಾರೆ, ಜಾಗ ಸಾಲದು ಅಂತ ಎಷ್ಟೋ ಜನರನ್ನು ವೇಟಿಂಗ್ ಲಿಸ್ಟ್‌ನಲ್ಲಿ ಇಟ್ಟಿರುತ್ತಾರೆ. ಬರೋಕಾಗಲ್ಲ ಅಂತ ಗೊತ್ತಾದ ತಕ್ಷಣ ಹೆಸರು ತೆಗೆದುಬಿಡಿ. ಆಯೋಜಕರ ಮನಸ್ಸು ಗೆಲ್ಲೋಕೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ಒಂದು ಸಮಸ್ಯೆ ಜೊತೆಗಿರಲಿ

ತಯಾರಿ ಅಂದರೆ ವಿಸಿಟಿಂಗ್ ಕಾರ್ಡ್ ಅಲ್ಲ. ನಿಮ್ಮನ್ನು ನಿಜವಾಗಿಯೂ ಕಾಡುತ್ತಿರುವ ಒಂದು ಸಮಸ್ಯೆ. ‘ನೀವೇನು ಮಾಡ್ತೀರಿ’ ಅಂತ ಎಲ್ಲರೂ ಕೇಳುತ್ತಾರೆ, ಕಂಪನಿ ಹೆಸರು ಹೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ‘ಒಂದು ವಿಷಯಕ್ಕೆ ಸಿಕ್ಕಿಹಾಕಿಕೊಂಡಿದ್ದೀನಿ’ ಅಂದು ನೋಡಿ, ಆಗ ಮಾತು ಬೆಳೆಯುತ್ತದೆ.

ಉದಾಹರಣೆಗೆ ನಮ್ಮದೇ ಒಂದು ಗೋಳು. ಪಿಡಿಎಫ್‌ನಿಂದ ಕನ್ನಡ ಕಾಪಿ ಮಾಡಿ ಬೇರೆ ಕಡೆ ಹಾಕಿದರೆ ಒತ್ತಕ್ಷರಗಳು ಚೆಲ್ಲಾಪಿಲ್ಲಿ, ಅಲ್ವಾ? ಪಿಡಿಎಫ್ ಒಳಗೆ ಇರೋದು ಫಾಂಟಿನ ಆಕಾರಗಳ ನಂಬರು. ಆ ನಂಬರಿನಿಂದ ಅಕ್ಷರಕ್ಕೆ ವಾಪಸು ಹೋಗುವ ಪಟ್ಟಿ ಸರಿಯಿಲ್ಲದಿದ್ದರೆ ಪರದೆ ಮೇಲೆ ಚೆನ್ನಾಗಿ ಕಾಣುವ ‘ಕ್ಷ’ ಕಾಪಿ ಮಾಡಿದಾಗ ಕಸವಾಗುತ್ತದೆ. ಯುನಿಕೋಡ್‌ಗೂ ಮುಂಚಿನ ನುಡಿ, ಬರಹದ ಹಳೇ ಫಾಂಟ್‌ಗಳ ಫೈಲ್ ಆಗಿದ್ದರಂತೂ ಕೇಳೋದೇ ಬೇಡ. ಇಂಥ ಪ್ರಶ್ನೆ ತೆಗೆದುಕೊಂಡು ಪುಣೆಯ ಮೀಟಪ್‌ಗೆ ಹೋದರೆ ಮರಾಠಿಯವರು ಸುತ್ತ ಸೇರುತ್ತಾರೆ, ಯಾಕೆಂದರೆ ದೇವನಾಗರಿಯ ಕಥೆಯೂ ಹೆಚ್ಚುಕಮ್ಮಿ ಇದೇ. ಅಲ್ಲಿ ನಿಮ್ಮ ಕನ್ನಡ ಒಂದು ಬಂಡವಾಳ. ಹಾಳಾಗುವ ಒಂದು ಫೈಲನ್ನು ಲ್ಯಾಪ್‌ಟಾಪ್‌ನಲ್ಲಿ ಮೊದಲೇ ಇಟ್ಟುಕೊಂಡಿರಿ. ಅಲ್ಲಿ ಹೋಗಿ ಡೌನ್‌ಲೋಡ್ ಮಾಡ್ತೀನಿ ಅಂದರೆ ನೂರಾರು ಫೋನು, ಲ್ಯಾಪ್‌ಟಾಪ್ ಒಂದೇ ಹಾಲ್‌ನಲ್ಲಿ ಕಚ್ಚಾಡುವಾಗ ವೈಫೈ ಕೈಕೊಡುತ್ತದೆ.

ವೇಳಾಪಟ್ಟಿ ಬಂದ ಮೇಲೆ ದಿನಕ್ಕೆ ಎರಡೋ ಮೂರೋ ಭಾಷಣ ಗುರುತು ಹಾಕಿಕೊಳ್ಳಿ, ಜಾಸ್ತಿ ಬೇಡ. ಆ ಭಾಷಣಕಾರರ ಕೆಲಸವನ್ನು ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನಲ್ಲಿ ಹತ್ತು ನಿಮಿಷ ನೋಡಿಕೊಳ್ಳಿ. ಗೋವಾಕ್ಕೆ ಹೋಗುವವರಾದರೆ ನಲ್‌ಕಾನ್‌ನವರ ಹ್ಯಾಕ್‌ಇಮ್ ಎಂಬ ಸಿಟಿಎಫ್ ಸ್ಪರ್ಧೆ (ಹ್ಯಾಕಿಂಗ್ ಒಗಟುಗಳನ್ನು ಬಿಡಿಸುವ ಆಟ) ಆಡಿ ಹೋಗಿ. ಅಲ್ಲಿ ‘ಆ ಮೂರನೇದು ಹೇಗೆ ಬಿಡಿಸಿದ್ರಿ’ ಅಂದರೆ ಸಾಕು, ಪರಿಚಯ ಆಗಿಯೇ ಹೋಯಿತು.

ಹೋಗಿಬರುವ ದಾರಿ

ಮುಂಬಯಿಯಲ್ಲಿ ಭಾನುವಾರದ ಮೀಟಪ್‌ನ ದೊಡ್ಡ ಶತ್ರು ಮೆಗಾ ಬ್ಲಾಕ್, ಅಂದರೆ ಹಳಿ ರಿಪೇರಿಗಾಗಿ ರೈಲು ಓಡಾಟಕ್ಕೆ ಹಾಕುವ ತಡೆ. ಸಾಮಾನ್ಯವಾಗಿ ಬೆಳಗ್ಗೆ 11ರ ಆಸುಪಾಸಿನಿಂದ ಸಂಜೆ 4ರ ತನಕ ಸೆಂಟ್ರಲ್, ಹಾರ್ಬರ್ ಲೈನ್‌ಗಳಲ್ಲಿ ಕೆಲಸ ನಡೆಯುತ್ತದೆ. ಫಾಸ್ಟ್ ಗಾಡಿಗಳು ಸ್ಲೋ ಹಳಿಗೆ ಬರುತ್ತವೆ, ಹಾರ್ಬರ್‌ನಲ್ಲಿ ಕೆಲವು ಕಡೆ ಗಾಡಿಯೇ ಇರುವುದಿಲ್ಲ. ಡೊಂಬಿವಲಿ, ಠಾಣೆ, ನವಿಮುಂಬಯಿ ಕಡೆಯ ನಮ್ಮವರು ಶನಿವಾರ ರಾತ್ರಿಯೇ ಇದನ್ನು ನೋಡಿಕೊಳ್ಳಬೇಕು. ಬಿಕೆಸಿಗೆ ಆಕ್ವಾ ಲೈನ್ ಮೆಟ್ರೊ 2024ರ ಅಕ್ಟೋಬರ್‌ನಲ್ಲಿ ಬಂತು, ಪಶ್ಚಿಮದ ಉಪನಗರದವರಿಗೆ ಅದು ಅನುಕೂಲ. ಸೆಂಟ್ರಲ್ ಲೈನಿನವರಿಗೆ ಕುರ್ಲಾದಲ್ಲಿ ಇಳಿದು ಶೇರ್ ಆಟೊ ಹಿಡಿಯೋದೇ ಹಳೆಯ ದಾರಿ. ಗೋರೆಗಾಂವ್ ಪೂರ್ವದ ನೆಸ್ಕೋ ಎಂಬ ಪ್ರದರ್ಶನ ಕೇಂದ್ರಕ್ಕೆ ರಾಮಮಂದಿರ ಸ್ಟೇಷನ್ ಹತ್ತಿರ, ಆದರೆ ಫಾಸ್ಟ್ ಲೋಕಲ್ ಹತ್ತಿ ಕೂತರೆ ಅಲ್ಲಿ ನಿಲ್ಲುವುದಿಲ್ಲ.

ಪುಣೆಯಿಂದ ಮುಂಬಯಿಗೆ ಒಂದು ದಿನದ ಮಟ್ಟಿಗೆ ಬರುವವರು ಡೆಕ್ಕನ್ ಕ್ವೀನ್ ಹಿಡಿಯುತ್ತಾರೆ, ಬೆಳಗ್ಗೆ 7:15ಕ್ಕೆ ಪುಣೆ ಬಿಡುತ್ತದೆ. ಬರೋಕೆ ಸರಿ. ವಾಪಸು ಅದು ಸಂಜೆ 5:10ಕ್ಕೇ ಮುಂಬಯಿಯ ಸಿಎಸ್‌ಎಂಟಿ ಸ್ಟೇಷನ್ ಬಿಡುತ್ತದೆ, ಅದಕ್ಕೆ ರಿಸರ್ವೇಷನ್ ಮಾಡಿಸಿದರೆ ಮೂರೂವರೆಯಿಂದಲೇ ಗಡಿಯಾರ ನೋಡುತ್ತಾ ಕೂರಬೇಕು. ಕೂಟದ ಒಳ್ಳೆಯ ಭಾಗ ಶುರುವಾಗೋದೇ ಐದರ ಮೇಲೆ, ಎಲ್ಲರೂ ಸುಸ್ತಾಗಿ ಚಹಾ ಹಿಡಿದು ನಿಂತಾಗ. ಹಾಗಾಗಿ ವಾಪಸಿಗೆ ದಾದರ್‌ನಿಂದ ರಾತ್ರಿ ಶಿವನೇರಿ ಬಸ್ ನೋಡಿ.

ಪುಣೆಯೊಳಗೆ ಹಿಂಜೆವಾಡಿ, ಖರಾಡಿ, ಮಗರ್‌ಪಟ್ಟಾ ಎಲ್ಲ ಒಂದೊಂದು ದಿಕ್ಕು. ಆಫೀಸ್ ಪಾರ್ಕ್‌ಗಳ ಗೇಟಿನಲ್ಲಿ ಆಧಾರ್ ಅಥವಾ ಬೇರೆ ಗುರುತಿನ ಚೀಟಿ ಕೇಳುತ್ತಾರೆ, ಲ್ಯಾಪ್‌ಟಾಪ್‌ನ ಸೀರಿಯಲ್ ನಂಬರ್ ಬರೆಸುತ್ತಾರೆ, ಎಷ್ಟೋ ಸಲ ಕಾವಲಿನವರಿಗೆ ಮೀಟಪ್ ಇರೋ ವಿಷಯವೇ ಗೊತ್ತಿರಲ್ಲ. ಇಪ್ಪತ್ತು ನಿಮಿಷ ಮೊದಲೇ ಹೋಗಿ. ಗೇಟಿನಲ್ಲಿ ಕಾಯುತ್ತಾ ನಿಂತವರೇ ನಿಮ್ಮ ಮೊದಲ ಪರಿಚಯ.

ಗೋವಾದಲ್ಲಿ ಎರಡು ವಿಮಾನ ನಿಲ್ದಾಣ. ದಾಬೋಳಿಂ ವಾಸ್ಕೋ ಹತ್ತಿರ. 2023ರ ಜನವರಿಯಲ್ಲಿ ಶುರುವಾದ ಮೋಪಾ ಉತ್ತರದ ತುದಿಯಲ್ಲಿದೆ. ಕೂಟ ಎಲ್ಲಿ ಅಂತ ನೋಡಿಕೊಂಡು ಟಿಕೆಟ್ ಮಾಡಿ, ಇಲ್ಲದಿದ್ದರೆ ವಿಮಾನದಲ್ಲಿ ಉಳಿಸಿದ್ದು ಟ್ಯಾಕ್ಸಿಗೆ ಹೋಗುತ್ತದೆ. ಅಲ್ಲಿ ಓಲಾ, ಊಬರ್ ನೆಚ್ಚಿಕೊಳ್ಳಬೇಡಿ, ಗೋವಾಮೈಲ್ಸ್ ಎಂಬ ಟ್ಯಾಕ್ಸಿ ಆ್ಯಪ್ ಹಾಕಿಕೊಂಡಿರಿ. ಹುಬ್ಬಳ್ಳಿ, ಬೆಳಗಾವಿ ಕಡೆ ಮನೆಯಿದ್ದವರು ವಾಸ್ಕೋ ರೈಲನ್ನೂ ನೋಡಬಹುದು. ಬೀಚ್ ಆಸೆಗೆ ಕಲಂಗುಟ್‌ನಲ್ಲಿ ರೂಮು ಮಾಡಿ, ಕೂಟ ದಾಬೋಳಿಂ ಕಡೆ ಇದ್ದರೆ ಸಂಜೆಯ ಹರಟೆ ಬಿಟ್ಟು ಟ್ಯಾಕ್ಸಿ ಹುಡುಕಬೇಕಾಗುತ್ತದೆ. ಬೀಚ್ ಮಾರನೇ ದಿನಕ್ಕೂ ಅಲ್ಲೇ ಇರುತ್ತದೆ.

ಒಳಗೆ ಹೋದ ಮೇಲೆ

ಭಾಷಣ ನಿಮಗಲ್ಲ ಅನ್ನಿಸಿದರೆ ಎದ್ದು ಹೋಗಿ. ಹಿಂದಿನ ಸಾಲಿನ ತುದಿಯಲ್ಲಿ ಕೂತರೆ ಯಾರಿಗೂ ತೊಂದರೆ ಇಲ್ಲ. ಇದನ್ನು ‘ಎರಡು ಕಾಲಿನ ನಿಯಮ’ ಅಂತಾರೆ, ಹ್ಯಾರಿಸನ್ ಓವನ್ ಎಂಬವರು 1980ರ ದಶಕದಲ್ಲಿ ಶುರುಮಾಡಿದ ಓಪನ್ ಸ್ಪೇಸ್ ಸಭೆಗಳಿಂದ ಬಂದದ್ದು: ಇರುವ ಜಾಗದಲ್ಲಿ ಕಲಿಯುವುದೂ ಇಲ್ಲ, ಕಲಿಸುವುದೂ ಇಲ್ಲ ಅಂದರೆ ನಿಮ್ಮ ಎರಡು ಕಾಲು ಬಳಸಿ ಬೇರೆ ಕಡೆ ಹೋಗಿ. ಭಾರತದ ಮದುವೆ ಮನೆಗಳಲ್ಲೂ ಈ ನಿಯಮ ಬಂದಿದ್ದರೆ ಚೆನ್ನಾಗಿತ್ತು.

ಹೊರಗೆ ಕಾರಿಡಾರ್‌ನಲ್ಲಿ ಗುಂಪುಗಳು ವೃತ್ತವಾಗಿ ನಿಂತಿರುತ್ತವೆ, ಹೊಸಬರಿಗೆ ಅದು ಗೋಡೆ. ತಂತ್ರಾಂಶಗಳ ಕೈಪಿಡಿ ಇಡುವ ತಾಣ ರೀಡ್ ದ ಡಾಕ್ಸ್ ಕಟ್ಟಿದವರಲ್ಲಿ ಒಬ್ಬರಾದ ಎರಿಕ್ ಹೋಲ್ಷರ್ ಇದಕ್ಕೆ ಪ್ಯಾಕ್‌ಮ್ಯಾನ್ ನಿಯಮ ಅಂತ ಒಂದು ಹೇಳಿದ್ದಾರೆ. ಗುಂಪಾಗಿ ನಿಲ್ಲುವಾಗ ಇನ್ನೊಬ್ಬರು ಸೇರುವಷ್ಟು ಜಾಗ ಬಿಟ್ಟು ನಿಲ್ಲಿ, ವಿಡಿಯೊ ಆಟದ ಪ್ಯಾಕ್‌ಮ್ಯಾನ್‌ನ ತೆರೆದ ಬಾಯಿಯ ಹಾಗೆ. ಅಂಥ ತೆರವು ಕಂಡರೆ ಹೋಗಿ ನಿಲ್ಲಿ, ಒಂದೆರಡು ನಿಮಿಷ ಸುಮ್ಮನೆ ಕೇಳಿ, ಆಮೇಲೆ ಬಾಯಿ ಹಾಕಿ. ನೀವು ಒಳಗಿದ್ದಾಗ ಬೇರೆಯವರಿಗೆ ಸರಿದು ಜಾಗ ಕೊಡಿ. ಗುಂಪು ಭಯ ಅನ್ನಿಸುವವರು ಒಂದು ಎಕ್ಸ್‌ಟೆನ್ಷನ್ ಬೋರ್ಡ್ ತೆಗೆದುಕೊಂಡು ಹೋಗಿ ಗೋಡೆಯ ಪ್ಲಗ್‌ಗೆ ಹಾಕಿ ಕೂತುಬಿಡಿ. ಜನ ತಾವಾಗಿಯೇ ಬರುತ್ತಾರೆ.

ಭಾಷೆಯ ಚಿಂತೆ ಬೇಡ. ವೇದಿಕೆ ಮೇಲೆ ಇಂಗ್ಲಿಷ್, ಕೆಳಗಿಳಿದರೆ ಹಿಂದಿ, ಪುಣೆಯಲ್ಲಿ ಮರಾಠಿ. ಬ್ಯಾಡ್ಜ್ ಮೇಲೆ ಶೆಟ್ಟಿ, ಪೂಜಾರಿ, ಹೆಗಡೆ ಕಂಡರೆ ‘ಊರ್ಯಾವುದು’ ಅಂತ ಒಂದು ಸಲ ಕೇಳಿ ನೋಡಿ. ಕುಲಕರ್ಣಿ, ದೇಶಪಾಂಡೆ ಆದರೆ ಅರ್ಧ ಅದೃಷ್ಟ, ಅವರು ಧಾರವಾಡದವರೂ ಇರಬಹುದು, ಸಾತಾರದವರೂ ಇರಬಹುದು. ಆದರೆ ಕನ್ನಡ ಬಾರದವರು ಜೊತೆಗಿದ್ದಾಗ ನೀವಿಬ್ಬರೇ ಕನ್ನಡದಲ್ಲಿ ಮಾತಾಡುತ್ತಾ ನಿಂತರೆ ಆ ತೆರೆದ ಬಾಯಿ ಮುಚ್ಚಿದ ಹಾಗೇ.

ಪ್ರಶ್ನೋತ್ತರದಲ್ಲಿ ಮೈಕ್ ಸಿಕ್ಕಿದ ಕೂಡಲೇ ತಮ್ಮ ಅನುಭವದ ಪ್ರವಚನ ಶುರುಮಾಡುವ ಒಬ್ಬರು ಪ್ರತಿ ಕೂಟದಲ್ಲೂ ಇರುತ್ತಾರೆ. ನೀವು ಒಂದು ವಾಕ್ಯದಲ್ಲಿ ಕೇಳಿ ಕೂತುಬಿಡಿ. ಉದ್ದದ ಪ್ರಶ್ನೆಯಾದರೆ ಭಾಷಣ ಮುಗಿದ ಮೇಲೆ ಹೊರಗೆ ಹಿಡಿಯಿರಿ, ಅಲ್ಲಿ ಉತ್ತರವೂ ಉದ್ದವಾಗಿ ಸಿಗುತ್ತದೆ.

ಇನ್ನು ಸ್ಟಾಲ್‌ಗಳು. ಟೀಶರ್ಟ್, ಸ್ಟಿಕ್ಕರ್ ಆಸೆಗೆ ಬ್ಯಾಡ್ಜ್‌ನ ಕ್ಯೂಆರ್ ಕೋಡ್ ತೋರಿಸುವ ಮುಂಚೆ ಗೊತ್ತಿರಲಿ, ನೋಂದಣಿಯಲ್ಲಿ ಕೊಟ್ಟ ಹೆಸರು, ಇಮೇಲ್, ಫೋನ್ ನಂಬರ್ ಅದರ ಮೂಲಕ ಆ ಕಂಪನಿಗೆ ಹೋಗಬಹುದು, ಆಮೇಲೆ ತಿಂಗಳುಗಟ್ಟಲೆ ಕರೆ. ನೋಂದಣಿಗೇ ಬೇರೆ ಇಮೇಲ್ ಇಟ್ಟುಕೊಳ್ಳೋದು ಜಾಣತನ. ಪುಕ್ಕಟೆ ಪೆನ್‌ಡ್ರೈವ್ ಕೊಟ್ಟರೆ ಲ್ಯಾಪ್‌ಟಾಪ್‌ಗೆ ಹಾಕಬೇಡಿ. ಸೆಕ್ಯುರಿಟಿ ಕೂಟಗಳಲ್ಲಿ ಬ್ಲೂಟೂತ್ ಆಫ್ ಮಾಡಿ, ಇಂಟರ್‌ನೆಟ್ ಬೇಕಾದರೆ ನಿಮ್ಮ ಮೊಬೈಲಿನದೇ ಬಳಸಿ.

ಯಾರದೇ ಫೋಟೊ ತೆಗೆಯುವ ಮುಂಚೆ ಕೇಳಿ. ಒಳ್ಳೆಯ ಕೂಟಗಳಲ್ಲಿ ನಡವಳಿಕೆಯ ನಿಯಮ ಬರೆದಿಟ್ಟಿರುತ್ತಾರೆ, ದೂರು ಯಾರಿಗೆ ಕೊಡಬೇಕು ಅಂತಲೂ ಇರುತ್ತದೆ. ಹೆಣ್ಣುಮಕ್ಕಳು ಒಬ್ಬರೇ ಹೋಗುವಾಗ ಆ ಪುಟ ಇದೆಯಾ ಇಲ್ವಾ ಅಂತ ನೋಡಿಕೊಂಡರೆ ಆಯೋಜಕರು ಎಂಥವರು ಅಂತ ಅರ್ಧ ಗೊತ್ತಾಗಿಬಿಡುತ್ತದೆ.

ವಾಪಸು ಬಂದ ಮೇಲೆ

ಟ್ರೇನಿನಲ್ಲೇ ಕೆಲಸ ಮುಗಿಸಿ. ಯಾರು, ಯಾವ ವಿಷಯ, ನೀವೇನು ಕಳಿಸ್ತೀನಿ ಅಂದಿರಿ, ಒಬ್ಬೊಬ್ಬರಿಗೆ ಒಂದು ಸಾಲು ಫೋನಿನಲ್ಲಿ ಬರೆದಿಡಿ. ಎರಡು ದಿನದೊಳಗೆ ಮೆಸೇಜ್ ಹಾಕಿ. ‘ನೈಸ್ ಮೀಟಿಂಗ್ ಯೂ’ ಬೇಡ, ‘ಚಹಾ ಹತ್ತಿರ ಮಾತಾಡಿದ ಆ ಪಿಡಿಎಫ್ ಫೈಲ್ ಇದು’ ಅಂತ ಫೈಲನ್ನೇ ಕಳಿಸಿ. ಯಾವುದಾದರೂ ಪ್ರಾಜೆಕ್ಟ್‌ನ ತೊಂದರೆ ಬಗ್ಗೆ ಮಾತಾಗಿದ್ದರೆ ಅದನ್ನು ಗಿಟ್‌ಹಬ್‌ನಲ್ಲಿ ಇಶ್ಯೂ ಆಗಿ ಬರೆದು ಕೊಂಡಿ ಹಾಕಿ.

ಕೆಲವು ಸಲ ಹೋದ ಮೇಲೆ ಐದು ನಿಮಿಷದ ಲೈಟ್ನಿಂಗ್ ಟಾಕ್‌ಗೆ ಹೆಸರು ಕೊಡಿ. ಎಷ್ಟೋ ಕಡೆ ಅದೇ ದಿನ ಬೆಳಗ್ಗೆ ಬೋರ್ಡ್ ಮೇಲೆ ಹೆಸರು ಬರೆದರೆ ಸಾಕು. ಮೂರು ಸ್ಲೈಡ್ ಇರಲಿ: ಸಮಸ್ಯೆ ಏನು, ಏನೇನು ಮಾಡಿ ನೋಡಿದಿರಿ, ಎಲ್ಲಿ ನಿಂತಿದೆ. ಉತ್ತರ ಸಿಕ್ಕಿರಲೇಬೇಕು ಅಂತಿಲ್ಲ, ಸಿಗದಿದ್ದರೇ ಜನ ಜಾಸ್ತಿ ಬಂದು ಮಾತಾಡಿಸುತ್ತಾರೆ. ವೇದಿಕೆ ಬೇಡ ಅನ್ನುವವರು ಸ್ವಯಂಸೇವಕರಾಗಿ. ನೋಂದಣಿ ಮೇಜಿನಲ್ಲಿ ಕೂತವರನ್ನು ಬಂದವರೆಲ್ಲ ಒಂದು ಸಲವಾದರೂ ಮಾತಾಡಿಸಲೇಬೇಕು, ಎಷ್ಟೋ ಕಡೆ ಟಿಕೆಟ್ ದುಡ್ಡೂ ಉಳಿಯುತ್ತದೆ. ಸ್ವಯಂಸೇವಕರ ಅರ್ಜಿ ಕೂಟಕ್ಕಿಂತ ಬಹಳ ಮೊದಲೇ ತೆರೆದು ಬೇಗ ಮುಚ್ಚುತ್ತದೆ, ಟಿಕೆಟ್ ಮಾರಾಟದ ಸುದ್ದಿ ಬಂದ ದಿನವೇ ಅದನ್ನೂ ಹುಡುಕಿಕೊಳ್ಳಿ.