ನ್ಯಾಕ್ ಕೆಲಸ ಪ್ರಶ್ನೆಪತ್ರಿಕೆಯಿಂದ ಶುರು ಮಾಡಿ: ಭಾಷಾ ವಿಭಾಗದವರಿಗೆ ಒಂದು ಕೈಪಿಡಿ

ನಮ್ಮ ಕಡೆ ನ್ಯಾಕ್ (ಕಾಲೇಜುಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ಸಂಸ್ಥೆ) ಅಂದರೆ ಕೊನೆಯ ಆರು ತಿಂಗಳ ನಿದ್ದೆಗೇಡು ಎಂದೇ ಲೆಕ್ಕ. ಕೇಳುವುದು ಐದು ವರ್ಷದ ದಾಖಲೆ, ನಾವು ಹುಡುಕಲು ಕೂರುವುದು ಐದನೇ ವರ್ಷದಲ್ಲಿ. ಆಗ ಹಳೆಯ ಹಾಜರಿ ಪಟ್ಟಿ ಸಿಗುವುದಿಲ್ಲ, ಫೋಟೋ ತೆಗೆದವರ ಫೋನ್ ಬದಲಾಗಿರುತ್ತದೆ, ಕಾರ್ಯಕ್ರಮ ನಡೆಸಿದ ಸರ್ ವರ್ಗವಾಗಿ ಹೋಗಿರುತ್ತಾರೆ.

ನಾನು ಕಾಸರಗೋಡಿನ ಒಂದು ಕಾಲೇಜಿನಲ್ಲಿ ಕನ್ನಡ ಕಲಿಸುವವಳು. ವಿಭಾಗದ ಐಕ್ಯೂಎಸಿ (ಕಾಲೇಜಿನೊಳಗಿನ ಗುಣಮಟ್ಟ ಘಟಕ) ಕಡತ ನನ್ನ ಮೇಜಿನ ಮೇಲೆಯೇ ಉಂಟು. ಹೊಸದಾಗಿ ಈ ಜವಾಬ್ದಾರಿ ತಲೆ ಮೇಲೆ ಬಿದ್ದವರಿಗೆ, ಅದರಲ್ಲೂ ಭಾಷಾ ವಿಭಾಗದವರಿಗೆ ಇದನ್ನು ಬರೆಯುತ್ತಿದ್ದೇನೆ. ಎಂಜಿನಿಯರಿಂಗ್‌ನವರಿಗೆ ಈ ಲೆಕ್ಕಾಚಾರ ಬಾಯಿಪಾಠ. ನಮಗೆ ಯಾರೂ ಕೂತು ಹೇಳಿಕೊಡುವುದಿಲ್ಲ. ಬೇರೆ ಕಾಲೇಜಿನ ಒಂದು ಎಕ್ಸೆಲ್ ಫೈಲ್ ವಾಟ್ಸ್ಆ್ಯಪ್‌ನಲ್ಲಿ ಬರುತ್ತದೆ, ‘ಇದರಲ್ಲೇ ತುಂಬಿಸಿ ಟೀಚರ್’ ಎನ್ನುತ್ತಾರೆ, ಅಷ್ಟೇ. ಒಂದು ಕಡೆಯ ಕನ್ನಡ ಬಿಎ ಕಡತದಲ್ಲಿ ‘ಪ್ರಯೋಗಾಲಯದ ಸುರಕ್ಷತಾ ನಿಯಮ ಪಾಲಿಸುವ ಸಾಮರ್ಥ್ಯ’ ಎಂಬ ಸಾಲನ್ನು ಕಣ್ಣಾರೆ ನೋಡಿದ್ದೇನೆ.

ಮೊದಲು ಯಾರು ಏನು ಕೇಳುತ್ತಾರೆ ಎಂಬುದು ಗೊತ್ತಿರಲಿ. ನ್ಯಾಕ್ 1994ರಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಹುಟ್ಟುಹಾಕಿದ ಸಂಸ್ಥೆ, ಮುಖ್ಯ ಕಚೇರಿ ಬೆಂಗಳೂರಿನಲ್ಲಿ. ಅದು ನೋಡುವುದು ಇಡೀ ಸಂಸ್ಥೆಯನ್ನು. ಎನ್‌ಬಿಎ ಬೇರೆ, ಅದು ಬಿಟೆಕ್‌ನಂಥ ಒಂದೊಂದೇ ಕೋರ್ಸನ್ನು ನೋಡುತ್ತದೆ. ಬಿಎ ಕನ್ನಡದವರಿಗೆ ಅದರ ತಲೆಬಿಸಿ ಇಲ್ಲ. ಗ್ರೇಡ್ ಪದ್ಧತಿಯಲ್ಲಿ ನ್ಯಾಕ್‌ನದ್ದು ಏಳು ಮಾನದಂಡ, ಒಟ್ಟು 1000 ಅಂಕ. ವಿಶ್ವವಿದ್ಯಾಲಯವಾದರೆ ಸಂಶೋಧನೆಗೆ ಹೆಚ್ಚು ತೂಕ, 250. ನಮ್ಮಂಥ ಸಂಯೋಜಿತ ಕಾಲೇಜಿಗೆ ಕಲಿಕೆ, ಬೋಧನೆ, ಮೌಲ್ಯಮಾಪನದ ಎರಡನೇ ಮಾನದಂಡಕ್ಕೇ 350. ಅದರೊಳಗೆ 2.6 ಎಂಬ ಒಂದು ವಿಭಾಗ ಉಂಟು. ‘ಮಕ್ಕಳು ಏನು ಕಲಿಯಬೇಕು ಎಂದು ಬರೆದಿದ್ದೀರಾ, ಕಲಿತರೋ ಇಲ್ಲವೋ ಎಂದು ಅಳೆದಿದ್ದೀರಾ?’ ಅದು ಕೇಳುವುದು ಇಷ್ಟೇ. ಗ್ರೇಡ್ ಪದ್ಧತಿ ಬದಲಾಗಿ ‘ಮಾನ್ಯತೆ ಇದೆ’ ಅಥವಾ ‘ಇಲ್ಲ’ ಎಂಬ ಕ್ರಮ ತರುವುದಾಗಿ 2024ರಲ್ಲಿ ನ್ಯಾಕ್ ಪ್ರಕಟಿಸಿತು. ಏನೇ ಬಂದರೂ ಈ ಪ್ರಶ್ನೆ ಹೋಗುವುದಿಲ್ಲ. ಹಾಗಾಗಿ ಜಾಸ್ತಿ ಹೊತ್ತು ಇಲ್ಲೇ ನಿಲ್ಲುತ್ತೇನೆ.

ಒಂದು ಪೇಪರ್ ಕಲಿತ ಮೇಲೆ ವಿದ್ಯಾರ್ಥಿಗೆ ಏನು ಮಾಡಲು ಬರಬೇಕು ಎಂಬುದಕ್ಕೆ ಸಿಒ ಎನ್ನುತ್ತಾರೆ. ಇಡೀ ಪದವಿ ಮುಗಿಸಿದ ಮೇಲೆ ಬರಬೇಕಾದದ್ದು ಪಿಒ. ಸಂಯೋಜಿತ ಕಾಲೇಜಿನಲ್ಲಿ ಇವೆರಡೂ ಸಿಲೆಬಸ್ ಜೊತೆ ವಿಶ್ವವಿದ್ಯಾಲಯದ ಬೋರ್ಡ್ ಆಫ್ ಸ್ಟಡೀಸ್‌ನಿಂದಲೇ (ಪಠ್ಯಕ್ರಮ ಸಮಿತಿ) ಬರುತ್ತವೆ. ನಾವು ಅವನ್ನು ತಿದ್ದುವಂತಿಲ್ಲ. ಆದರೆ ಇಂಟರ್ನಲ್ ಪರೀಕ್ಷೆಯ ಪ್ರಶ್ನೆ ನಮ್ಮ ಕೈಯಲ್ಲಿದೆ, ಅಲ್ವಾ? ನಿಜವಾದ ಕೆಲಸ ಶುರುವಾಗುವುದು ಅಲ್ಲಿ. ಪ್ರಶ್ನೆಪತ್ರಿಕೆ ತಯಾರಿಸುವ ದಿನವೇ ಪ್ರತಿ ಪ್ರಶ್ನೆಯ ಪಕ್ಕದಲ್ಲಿ ಅದು ಯಾವ ಸಿಒಗೆ ಸೇರಿದ್ದು ಎಂದು ಬರೆಯಿರಿ. ಪರೀಕ್ಷೆ ಮುಗಿದ ಮೇಲೆ ಹಂಚಿದರೆ ಅದು ಲೆಕ್ಕವಲ್ಲ, ಕಥೆ.

ಒಂದು ಉದಾಹರಣೆ ಹಿಡಿದು ನೋಡುವ. ಗಡಿನಾಡಿನ ಕಾವ್ಯದ ಒಂದು ಪೇಪರ್ ಎಂದುಕೊಳ್ಳಿ. ಸಿಒ 1: ಈ ಭಾಗದ ಮುಖ್ಯ ಕವಿಗಳನ್ನು, ಅವರ ಕಾಲವನ್ನು ಗುರುತಿಸುವುದು. ಸಿಒ 3: ಕೊಟ್ಟ ಪದ್ಯದ ಛಂದಸ್ಸು, ಪ್ರಾಸ, ಲಯವನ್ನು ಬಿಡಿಸಿ ನೋಡುವುದು. ಈಗ ‘ಮಂಜೇಶ್ವರ ಗೋವಿಂದ ಪೈಗಳ ಜೀವನ, ಸಾಧನೆ ಕುರಿತು ಬರೆಯಿರಿ’ ಎಂದು ಕೇಳಿದರೆ ಅದು ಸಿಒ 1. 1883, 1963, ಮದ್ರಾಸ್ ಸರಕಾರ ಕೊಟ್ಟ ರಾಷ್ಟ್ರಕವಿ ಪದವಿ, ಎಲ್ಲ ನೋಟ್ಸ್‌ನಲ್ಲಿ ಉಂಟು, ಬಾಯಿಪಾಠ ಮಾಡಿ ಬರೆಯಬಹುದು. ‘ಗೋವಿಂದ ಪೈಗಳು ಆದಿಪ್ರಾಸ ಕೈಬಿಟ್ಟರು. ಕೆಳಗಿನ ಎಂಟು ಸಾಲು ಓದಿ, ಪ್ರಾಸ ಇಲ್ಲದೆಯೂ ಲಯ ಹೇಗೆ ನಿಂತಿದೆ ಎಂದು ತೋರಿಸಿ’ ಎಂದರೆ ಅದು ಸಿಒ 3. ನೋಟ್ಸ್‌ನಲ್ಲಿ ಇಲ್ಲದ ಎಂಟು ಸಾಲು ಕೊಡಬೇಕು, ಅದು ಮುಖ್ಯ. ಪಾಠ ಮಾಡಿದ್ದೇ ಪದ್ಯ ಕೊಟ್ಟರೆ ಮತ್ತೆ ನೆನಪಿನ ಪರೀಕ್ಷೆಯೇ ಆಯಿತು. ಅಮೆರಿಕದ ಶಿಕ್ಷಣತಜ್ಞ ಬ್ಲೂಮ್ ಮಾಡಿದ, 2001ರಲ್ಲಿ ಬೇರೆಯವರು ಪರಿಷ್ಕರಿಸಿದ ಆರು ಹಂತದ ವಿಂಗಡಣೆ ಎಲ್ಲ ತರಬೇತಿಯಲ್ಲೂ ತೋರಿಸುತ್ತಾರೆ: ನೆನಪು, ಅರ್ಥ, ಅನ್ವಯ, ವಿಶ್ಲೇಷಣೆ, ಮೌಲ್ಯಮಾಪನ, ಸೃಷ್ಟಿ. ಅದನ್ನು ಗೋಡೆಗೆ ಅಂಟಿಸುವುದಕ್ಕಿಂತ ಇಂಥ ಎರಡು ಪ್ರಶ್ನೆಯನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಬೇಗ ತಲೆಗೆ ಹೋಗುತ್ತದೆ.

ಈಗ ಲೆಕ್ಕ. ತರಗತಿಯಲ್ಲಿ 40 ಮಕ್ಕಳು. ಒಂದು ಸಿಒಗೆ ಸೇರಿದ ಪ್ರಶ್ನೆಗಳಲ್ಲಿ ಶೇ. 60 ಅಂಕ ಬಂದರೆ ಆ ವಿದ್ಯಾರ್ಥಿ ಗುರಿ ಮುಟ್ಟಿದ ಹಾಗೆ ಎಂದು ಮೊದಲೇ ವಿಭಾಗದ ಸಭೆಯಲ್ಲಿ ತೀರ್ಮಾನಿಸಿ. ಶೇ. 70ಕ್ಕಿಂತ ಜಾಸ್ತಿ ಮಕ್ಕಳು ಗುರಿ ಮುಟ್ಟಿದರೆ ಮಟ್ಟ 3, 60ರಿಂದ 70ರೊಳಗೆ ಆದರೆ 2, 50ರಿಂದ 60ರೊಳಗೆ ಆದರೆ 1, ಅದಕ್ಕಿಂತ ಕೆಳಗೆ 0. ಈ ಅಂಕಿಗಳನ್ನು ಯಾರೂ ಮೇಲಿಂದ ಕೊಡುವುದಿಲ್ಲ, ನಾವೇ ಇಟ್ಟುಕೊಳ್ಳುವುದು. ಸಭೆಯ ನಡಾವಳಿಯಲ್ಲಿ ಬರಬೇಕು, ಫಲಿತಾಂಶ ನೋಡಿದ ಮೇಲೆ ಬದಲಿಸಬಾರದು.

ಇಂಟರ್ನಲ್‌ನಲ್ಲಿ ಸಿಒ 1ರ ಗುರಿ ಮುಟ್ಟಿದವರು 36 ಜನ, ಅಂದರೆ ಶೇ. 90, ಮಟ್ಟ 3. ಸಿಒ 3ರಲ್ಲಿ 18 ಜನ, ಶೇ. 45, ಮಟ್ಟ 0. ಸೆಮಿಸ್ಟರ್ ಪರೀಕ್ಷೆಯ ಉತ್ತರಪತ್ರಿಕೆ ನಮ್ಮ ಕೈಗೆ ಬರುವುದಿಲ್ಲ. ಸಿಗುವುದು ಒಟ್ಟು ಅಂಕ ಮಾತ್ರ. ಹಾಗಾಗಿ ಅಲ್ಲಿ ಎಲ್ಲ ಸಿಒಗೂ ಒಂದೇ ಸಂಖ್ಯೆ ಹಾಕಬೇಕಾಗುತ್ತದೆ. 26 ಜನ ಶೇ. 60 ದಾಟಿದರೆ ಅದು ಶೇ. 65, ಮಟ್ಟ 2. ಸೆಮಿಸ್ಟರ್ ಪರೀಕ್ಷೆಗೆ 70, ಇಂಟರ್ನಲ್‌ಗೆ 30 ಎಂದು ತೂಕ ಇಟ್ಟರೆ ಸಿಒ 1ಕ್ಕೆ 1.4 ಕೂಡಿಸು 0.9, ಒಟ್ಟು 2.3. ಸಿಒ 3ಕ್ಕೆ ಬರೀ 1.4. ವಿಭಾಗ ಇಟ್ಟುಕೊಂಡ ಗುರಿ 2 ಆಗಿದ್ದರೆ ಸಿಒ 3 ಸೋತಿದೆ.

ಈ ಸೋತ ಸಂಖ್ಯೆಯೇ ನಿಮ್ಮ ಆಸ್ತಿ. ಕೋಷ್ಟಕದ ಎಲ್ಲ ಚೌಕದಲ್ಲೂ 3 ತುಂಬಿದ ಕಡತವನ್ನು ಯಾವ ಪರಿಶೀಲಕರೂ ನಂಬುವುದಿಲ್ಲ. ನಂಬಿದರೂ ಅದರಿಂದ ಮಕ್ಕಳಿಗೆ ಎಂತ ಸಿಕ್ಕಿತು?

ಇದೇ ಚಾಳಿ ಸಿಒಗಳನ್ನು ಪಿಒಗಳಿಗೆ ಜೋಡಿಸುವಾಗಲೂ ಬರುತ್ತದೆ. ಒಂದು ಸಿಒ ಒಂದು ಪಿಒಗೆ ಎಷ್ಟು ಹತ್ತಿರ ಎಂದು 1, 2, 3 ಹಾಕುವ ಕೋಷ್ಟಕ ಅದು. ಜಗಳ ಬೇಡ ಎಂದು ಎಲ್ಲರೂ 3 ಹಾಕಿ ಬಿಡುತ್ತಾರೆ. ಅದರ ಪರಿಣಾಮ ನೋಡಿ. ‘ವಿಮರ್ಶಾತ್ಮಕ ಓದು’ ಎಂಬ ಪಿಒಗೆ ಸಿಒ 1ರ ಸಂಬಂಧ 1, ಸಿಒ 3ರದ್ದು 3 ಎಂದು ಪ್ರಾಮಾಣಿಕವಾಗಿ ಹಾಕಿದರೆ, 2.3ಕ್ಕೆ ಮೂರು ಸಲ 1.4 ಅಂದರೆ 4.2 ಕೂಡಿಸಿ ನಾಲ್ಕರಿಂದ (1 ಮತ್ತು 3ರ ಮೊತ್ತ) ಭಾಗಿಸಬೇಕು. ಸಿಗುವುದು ಸುಮಾರು 1.63. ಎರಡಕ್ಕೂ 3 ಹಾಕಿದರೆ 1.85. ಮಕ್ಕಳು ಅವರೇ, ಅಂಕವೂ ಅದೇ, ಕೊರತೆ ಮಾತ್ರ ಅರ್ಧಕ್ಕಿಂತ ಜಾಸ್ತಿ ಮುಚ್ಚಿಹೋಯಿತು. ಸಂಬಂಧ ಇಲ್ಲದ ಕಡೆ ಖಾಲಿ ಬಿಡಿ. ಖಾಲಿ ಚೌಕ ತಪ್ಪಲ್ಲ.

ಆಮೇಲೆ ಬರುವುದು ಎಲ್ಲರೂ ಹಾರಿಸುವ ಹಂತ. ಸಿಒ 3 ಸೋತಿತು, ಸರಿ, ಏನು ಮಾಡಿದಿರಿ? ‘ಪರಿಹಾರ ಬೋಧನೆ ನಡೆಸಲಾಯಿತು’ ಎಂಬ ಒಂದು ಸಾಲಿನ ಉತ್ತರ ಕೊಡಬೇಡಿ. ಯಾಕೆ ಸೋತಿತು ಎಂದು ಮೊದಲು ನೋಡಿ. ಉತ್ತರಪತ್ರಿಕೆ ತೆರೆದು ಕೂತರೆ ಕಾರಣ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಮಾತ್ರೆ ಎಣಿಸಲು ಬರುತ್ತದೆ, ಪದ್ಯವನ್ನು ಬಾಯಿಬಿಟ್ಟು ಓದಿ ಗೊತ್ತಿಲ್ಲ. ಹಾಗಿದ್ದರೆ ಪರಿಹಾರ ಇನ್ನೊಂದು ನೋಟ್ಸ್ ಅಲ್ಲ, ಗಟ್ಟಿಯಾಗಿ ಓದಿಸುವುದು. ನಮ್ಮ ಊರಿನಲ್ಲಿ ಇದಕ್ಕೆ ಬರಗಾಲ ಇಲ್ಲವಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಪಕ್ಕದಲ್ಲೇ ಉಂಟು. ಒಬ್ಬ ಭಾಗವತರನ್ನು ಕರೆದು ತಾಳ ಹಾಕಿಸಿ ಪದ ಹೇಳಿಸಿದರೆ, ಮಾತ್ರೆ ಎಲ್ಲಿ ಬೀಳುತ್ತದೆ ಎಂದು ಮಕ್ಕಳ ಕಿವಿಗೇ ಗೊತ್ತಾಗುತ್ತದೆ. ಇದನ್ನು ಮುಂದಿನ ಸೆಮಿಸ್ಟರ್‌ನ ಪಾಠಯೋಜನೆಯಲ್ಲಿ ತಾರೀಖು ಹಾಕಿ ಸೇರಿಸಿ. ಮುಂದಿನ ಬ್ಯಾಚಿಗೆ ಅದೇ ತೂಕದ, ಬೇರೆ ಸಾಲುಗಳ ಪ್ರಶ್ನೆ ಕೊಟ್ಟು ಮತ್ತೆ ಅಳೆಯಿರಿ. 45 ಇದ್ದದ್ದು 58 ಆದರೆ ಹಾಗೆಯೇ ಬರೆಯಿರಿ. 40ಕ್ಕೆ ಇಳಿದರೂ ಬರೆಯಿರಿ. ಸಿಲೆಬಸ್‌ನಲ್ಲೇ ತೊಂದರೆ ಇದ್ದರೆ ಬೋರ್ಡ್ ಆಫ್ ಸ್ಟಡೀಸ್‌ಗೆ ಪತ್ರ ಹೋಗಲಿ, ಅದರ ಪ್ರತಿ ಕಡತದಲ್ಲಿರಲಿ. ಅವರು ಉತ್ತರ ಕೊಡದಿದ್ದರೂ ನೀವು ಬರೆದದ್ದಕ್ಕೆ ಸಾಕ್ಷಿ ಉಂಟಲ್ಲ.

ಇನ್ನು ಕಾಗದಪತ್ರ. ಗಡಿನಾಡಿನ ನಮಗೆ ಮಾತ್ರ ಇರುವ ಫಜೀತಿ ಇದು. ಕಚೇರಿಯ ಸುತ್ತೋಲೆ ಮಲಯಾಳದಲ್ಲಿ, ವಿಭಾಗದ ನಡಾವಳಿ ಕನ್ನಡದಲ್ಲಿ, ನ್ಯಾಕ್‌ಗೆ ಹೋಗುವ ಎಸ್‌ಎಸ್‌ಆರ್ (ಸ್ವಯಂ ಅಧ್ಯಯನ ವರದಿ) ಇಂಗ್ಲಿಷಿನಲ್ಲಿ. ಅಂಕಿಅಂಶ ಪರಿಶೀಲಿಸುವ ಡಿವಿವಿ ಹಂತದಲ್ಲಿ ಪ್ರಾದೇಶಿಕ ಭಾಷೆಯ ದಾಖಲೆಗೆ ಇಂಗ್ಲಿಷ್ ಅನುವಾದ ಕೊಡಲೇಬೇಕು, ಅದರಲ್ಲಿ ಸಂಸ್ಥೆಯ ಮುಖ್ಯಸ್ಥರ ಸಹಿ ಇರಬೇಕು. ಐದು ವರ್ಷದ ನಡಾವಳಿಯನ್ನು ಕೊನೆಗೆ ಅನುವಾದಿಸಲು ಕೂತರೆ ಕತೆ ಮುಗಿಯಿತು. ನಾವು ಮಾಡುವುದು ಇಷ್ಟು: ಕನ್ನಡ ನಡಾವಳಿಯ ಕೊನೆಯಲ್ಲಿ ಅದೇ ದಿನ ನಾಲ್ಕು ಸಾಲಿನ ಇಂಗ್ಲಿಷ್ ಸಾರ ಬರೆದು ಎಲ್ಲರ ಸಹಿ ಹಾಕಿಸುವುದು. ಪೂರ್ತಿ ಅನುವಾದ ಕೇಳಿದರೆ ಮಾಡಲು ಅದೊಂದು ಹಿಡಿ ಸಿಕ್ಕಿದ ಹಾಗೆ. ಇಂಗ್ಲಿಷ್ ಬರುತ್ತದೆ ಎಂದು ಕನ್ನಡದಲ್ಲಿ ನಡಾವಳಿ ಬರೆಯುವುದನ್ನೇ ಬಿಡಬೇಡಿ. ಕನ್ನಡ ವಿಭಾಗದ ಸಭೆ ಕನ್ನಡದಲ್ಲಿ ನಡೆಯಿತು ಎಂಬುದೂ ಇಲ್ಲಿ ಒಂದು ದಾಖಲೆಯೇ.

ಹೆಸರುಗಳ ವಿಷಯ ಸಣ್ಣದು ಅನಿಸಬಹುದು, ಆದರೆ ಜಾಸ್ತಿ ಹೊತ್ತು ತಿನ್ನುವುದು ಅದೇ. ಒಬ್ಬಳೇ ಹುಡುಗಿಯ ಹೆಸರು ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಒಂದು ರೀತಿ, ಆಧಾರ್‌ನಲ್ಲಿ ಒಂದು ರೀತಿ, ಮಲಯಾಳದಿಂದ ಇಂಗ್ಲಿಷಿಗೆ ಇಳಿದ ಹಾಜರಿಯಲ್ಲಿ ಇನ್ನೊಂದು ರೀತಿ. ಪ್ರವೇಶ ಸಂಖ್ಯೆಯನ್ನೇ ಗುರುತಾಗಿ ಇಟ್ಟುಕೊಳ್ಳಿ, ಹೆಸರಿನಿಂದ ಹುಡುಕಬೇಡಿ.

ಕಾರ್ಯಕ್ರಮಕ್ಕೆ ಐದು ಕಾಗದ ಸಾಕು: ನೋಟಿಸ್, ಹಾಜರಿ, ಸ್ಥಳ ಮತ್ತು ತಾರೀಖು ಕಾಣುವ ಎರಡು ಫೋಟೋ, ಒಂದು ಪುಟದ ವರದಿ, ಖರ್ಚಾಗಿದ್ದರೆ ಬಿಲ್ಲು. ಮುಗಿದ ದಿನ ಸಂಜೆಯೇ ಒಂದು ಪಿಡಿಎಫ್ ಮಾಡಿ. ಮೂವತ್ತು ಫೋಟೋ ಯಾರಿಗೂ ಬೇಡ.

ಪ್ರತಿಕ್ರಿಯೆ ಪತ್ರ ವಿದ್ಯಾರ್ಥಿ, ಅಧ್ಯಾಪಕ, ಹಳೆ ವಿದ್ಯಾರ್ಥಿ, ಉದ್ಯೋಗದಾತ ಎಲ್ಲರಿಂದಲೂ ಬೇಕು. ಕನ್ನಡ ವಿಭಾಗಕ್ಕೆ ಉದ್ಯೋಗದಾತ ಯಾರು ಎಂದು ನಗಬೇಡಿ. ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳ ಮುಖ್ಯೋಪಾಧ್ಯಾಯರನ್ನು, ಪತ್ರಿಕೆಯವರನ್ನು ಕೇಳಿ. ‘ನಿಮ್ಮ ಮಕ್ಕಳಿಗೆ ಕನ್ನಡ ಟೈಪಿಂಗ್ ಬರುವುದಿಲ್ಲ’ ಎಂಬಂಥ ನೇರ ಮಾತು ಅಲ್ಲಿಂದಲೇ ಸಿಗುವುದು. ಅದಕ್ಕೆ ಕ್ರಮ ತೆಗೆದುಕೊಂಡು ವೆಬ್‌ಸೈಟಿಗೆ ಹಾಕಿದರೆ ಒಂದು ಸುತ್ತು ಪೂರ್ತಿಯಾಯಿತು.

ಎಕ್ಯೂಎಆರ್ ಎಂಬ ವಾರ್ಷಿಕ ವರದಿಯನ್ನು ಹಿಂದಿನ ಶೈಕ್ಷಣಿಕ ವರ್ಷಕ್ಕೆ ಸಂಬಂಧಿಸಿ ಡಿಸೆಂಬರ್ 31ರೊಳಗೆ ಕೊಡಬೇಕು. ಜೂನ್‌ನಲ್ಲೇ ವಿಭಾಗದ ಪಾಲು ಮುಗಿಸಿ, ಮುಗಿದ ವರ್ಷದ ನೆನಪು ಹಸಿಯಾಗಿರುವಾಗ.

ವಿದ್ಯಾರ್ಥಿ ತೃಪ್ತಿ ಸಮೀಕ್ಷೆಯನ್ನು ಮಾತ್ರ ಮರೆಯಬೇಡಿ. ನ್ಯಾಕ್ ನೇರವಾಗಿ ಮಕ್ಕಳ ಇಮೇಲ್‌ಗೆ 21 ಪ್ರಶ್ನೆ ಕಳಿಸುತ್ತದೆ. ಕಾಲೇಜಿನಲ್ಲಿ ಶೇ. 10 ಮಕ್ಕಳು ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟಾದರೂ ಉತ್ತರಿಸಬೇಕು, ಇಲ್ಲದಿದ್ದರೆ ಆ ಅಂಕವೇ ಇಲ್ಲ. ನಮ್ಮ ಮಕ್ಕಳು ಇಮೇಲ್ ತೆರೆಯುವುದು ಹಾಲ್‌ಟಿಕೆಟ್ ಬೇಕಾದಾಗ ಮಾತ್ರ. ಪ್ರವೇಶದ ಸಮಯದಲ್ಲಿ ಸೈಬರ್ ಅಂಗಡಿಯವರು ತಮ್ಮದೇ ಇಮೇಲ್ ಹಾಕಿ ಬಿಟ್ಟಿರುತ್ತಾರೆ. ಮೊದಲ ವಾರದಲ್ಲೇ ಪ್ರತಿ ತರಗತಿಗೆ ಹೋಗಿ, ಮಕ್ಕಳಿಂದ ಅವರವರ ಫೋನ್‌ನಲ್ಲೇ ಒಂದು ಪರೀಕ್ಷಾ ಇಮೇಲ್ ತೆರೆಸಿ ನೋಡಿ. ಏನು ಉತ್ತರ ಬರೆಯಬೇಕು ಎಂದು ಹೇಳಿಕೊಡಲು ಮಾತ್ರ ಹೋಗಬೇಡಿ. ಅದು ಸರಿಯೂ ಅಲ್ಲ, ಮಕ್ಕಳು ಕೇಳುವುದೂ ಇಲ್ಲ.

ನ್ಯಾಕ್ ತಂಡ ನೋಡಲು ಬರುವುದಾದರೆ ಆ ದಿನದ ಬಗ್ಗೆ ಹೇಳುವುದು ಕಡಿಮೆ. ರಂಗೋಲಿ, ಕುಂಕುಮ, ಬ್ಯಾನರ್ ನೋಡಿಕೊಳ್ಳಲು ಬೇರೆಯವರು ಇರುತ್ತಾರೆ. ನಿಮ್ಮ ಮೇಜಿನ ಮೇಲೆ ಒಂದು ಪೇಪರಿನ ಪ್ರಶ್ನೆಪತ್ರಿಕೆ, ಅದರ ಮೂರು ಉತ್ತರಪತ್ರಿಕೆ, ಅಂಕದ ಕೋಷ್ಟಕ, ಸೋತ ಸಿಒ, ತೆಗೆದುಕೊಂಡ ಕ್ರಮ, ಮರುವರ್ಷದ ಅಂಕ ಇಷ್ಟನ್ನು ಒಂದರ ಹಿಂದೆ ಒಂದು ಇಡಿ. ಕೇಳಿದರೆ ಆ ಒಂದೇ ಪೇಪರಿನ ಮೇಲೆ ಮಾತಾಡಿ.

ಕೊನೆಯದಾಗಿ ಒಂದು ಕೆಲಸ ಇವತ್ತೇ ಮಾಡಿ. ಕಡತ ಇಡುವ ಡ್ರೈವ್ ಯಾರೋ ಒಬ್ಬರ ಸ್ವಂತ ಜಿಮೇಲ್‌ನಲ್ಲಿ ಇದ್ದರೆ ವಿಭಾಗದ ಹೆಸರಿನ ಖಾತೆಗೆ ಬದಲಿಸಿ, ಪಾಸ್‌ವರ್ಡ್ ವಿಭಾಗ ಮುಖ್ಯಸ್ಥರಿಗೂ ಐಕ್ಯೂಎಸಿಗೂ ಕೊಡಿ. ಸರಕಾರಿ ಕಾಲೇಜಿನಲ್ಲಿ ವರ್ಗಾವಣೆ ಆದೇಶ ಬಂದ ಮೇಲೆ ಯಾರಿಗೂ ಇದಕ್ಕೆಲ್ಲ ಪುರುಸೊತ್ತು ಇರುವುದಿಲ್ಲ.