ಅಮೆರಿಕಾದಲ್ಲಿ ಇನ್ಶೂರೆನ್ಸ್ ಇಲ್ವಾ? ಮಾರ್ಕೆಟ್‌ಪ್ಲೇಸಲ್ಲಿ ಪ್ಲಾನ್ ತಗೊಳ್ಳೋದು ಹೀಗೆ

ಕೆಲಸ ಹೋಯ್ತು, ಜೊತೆಗೇ ಕಂಪನಿ ಇನ್ಶೂರೆನ್ಸೂ ಹೋಯ್ತು ಅಂದ್ರೆ ಮೊದಲು ಕ್ಯಾಲೆಂಡರ್ ನೋಡಿ, ಯಾಕಂದ್ರೆ ಕವರೇಜ್ ನಿಂತ ಮೇಲೆ 60 ದಿನದೊಳಗೆ ಮಾರ್ಕೆಟ್‌ಪ್ಲೇಸಲ್ಲಿ, ಅಂದ್ರೆ ಇನ್ಶೂರೆನ್ಸ್ ಕೊಳ್ಳೋ ಸರ್ಕಾರಿ ಸೈಟಲ್ಲಿ, ಪ್ಲಾನ್ ಆರಿಸ್ಕೋಬೇಕು, ತಪ್ಪಿದ್ರೆ ನವೆಂಬರ್ 1ಕ್ಕೆ ಓಪನ್ ಎನ್‌ರೋಲ್‌ಮೆಂಟ್ (ಯಾರು ಬೇಕಾದ್ರೂ ಪ್ಲಾನ್ ತಗೊಳ್ಳಬಹುದಾದ ವಾರ್ಷಿಕ ಅವಧಿ) ಶುರುವಾಗೋವರೆಗೂ ಕಾಯ್ಬೇಕು, ಆಮೇಲೂ ಕವರೇಜ್ ಸಿಗೋದು ಜನವರಿಯಿಂದ. ಕೆಲಸ ಹೋದ ಮೇಲೂ ಕಂಪನಿ ಇನ್ಶೂರೆನ್ಸ್ ಇಟ್ಕೊಳ್ಳೋಕೆ ಬಿಡೋ ಕೋಬ್ರಾ ಕಾನೂನಿನ ಲೆಟರ್ ಸಾಮಾನ್ಯವಾಗಿ ಬಂದಿರುತ್ತೆ, ಹಳೇ ಪ್ಲಾನೇ ಮುಂದುವರಿಸಬಹುದು, ಆದ್ರೆ ಇಷ್ಟು ದಿನ ಕಂಪನಿ ಕಟ್ತಿದ್ದ ಪಾಲೂ ಈಗ ನಿಮ್ಮ ತಲೆ ಮೇಲೆ, ಅದರ ಮೇಲೆ 2% ಫೀ ಬೇರೆ.

ಸೈಟ್ ಯಾವುದು ಅನ್ನೋದು ರಾಜ್ಯದ ಮೇಲೆ ಹೋಗುತ್ತೆ. ಕ್ಯಾಲಿಫೋರ್ನಿಯಾದವ್ರಿಗೆ ಕವರ್ಡ್ ಕ್ಯಾಲಿಫೋರ್ನಿಯಾ, ಮ್ಯಾಸಚೂಸೆಟ್ಸ್‌ನವ್ರಿಗೆ ಹೆಲ್ತ್ ಕನೆಕ್ಟರ್, ಟೆಕ್ಸಸ್, ಫ್ಲೋರಿಡಾದವ್ರಿಗೆ ಹೆಲ್ತ್‌ಕೇರ್ ಡಾಟ್ ಗವ್. ಸರ್ಚಲ್ಲಿ ಮೇಲೆ ಬರೋ ಜಾಹೀರಾತಿಗೆ ಫೋನ್ ನಂಬರ್ ಕೊಡ್ಬೇಡಿ ಮಾರಾಯ್ರೆ, ಆಮೇಲೆ ಏಜೆಂಟ್‌ಗಳ ಕಾಲ್ ನಿಲ್ಲಲ್ಲ.

ಜನ ಎಡವೋದು ಇನ್‌ಕಮ್ ಕೇಳೋ ಜಾಗದಲ್ಲಿ. ಅಲ್ಲಿ ಹಾಕ್ಬೇಕಾದ್ದು ಹೋದ ವರ್ಷದ್ದಲ್ಲ, ಕವರೇಜ್ ಇರೋ ವರ್ಷದಲ್ಲಿ ಇಡೀ ಮನೆಗೆ ಬರೋ ಆದಾಯದ ಅಂದಾಜು, ಸ್ವಂತ ಬಿಸಿನೆಸ್ ಇದ್ರೆ ಖರ್ಚು ಕಳೆದು ಉಳಿಯೋದು. ಪ್ರೀಮಿಯಂ ಕಟ್ಟೋಕೆ ಸರ್ಕಾರ ಕೊಡೋ ಸಬ್ಸಿಡಿ ಲೆಕ್ಕ ಆಗೋದು ಇದರ ಮೇಲೇ. ಕಡಿಮೆ ತೋರಿಸಿದ್ರೆ ಟ್ಯಾಕ್ಸ್ ಫೈಲ್ ಮಾಡೋವಾಗ ಸಬ್ಸಿಡಿ ಲೆಕ್ಕ ತಾಳೆ ನೋಡೋ ಫಾರ್ಮ್ 8962ರಲ್ಲಿ ಹೊರಗೆ ಬರುತ್ತೆ, ಹೆಚ್ಚಿಗೆ ಸಿಕ್ಕಿದ್ದನ್ನ ವಾಪಸ್ ಕಟ್ಟಬೇಕು, ಹಾಗಾಗಿ ನಡುವೆ ಹೊಸ ಕೆಲಸ ಸಿಕ್ಕಿದ ಕೂಡ್ಲೇ ಅಪ್‌ಡೇಟ್ ಮಾಡಿ. ಆದಾಯ ತೀರಾ ಕಡಿಮೆ ಇದ್ರೆ ಮೆಡಿಕೇಡ್ (ಕಡಿಮೆ ಆದಾಯದವ್ರಿಗೆ ಸರ್ಕಾರದ ಇನ್ಶೂರೆನ್ಸ್) ಕಡೆಗೇ ಕಳಿಸ್ತಾರೆ, ಬಹುತೇಕ ರಾಜ್ಯಗಳಲ್ಲಿ ಬಡತನ ರೇಖೆಯ 138% ವರೆಗೆ, ಟೆಕ್ಸಸ್, ಫ್ಲೋರಿಡಾದಲ್ಲಿ ಹಾಗಿಲ್ಲ.

ಇನ್ನು ಪ್ಲಾನ್‌ಗಳ ಮಟ್ಟ: ಬ್ರಾಂಜ್, ಸಿಲ್ವರ್, ಗೋಲ್ಡ್. ಡಾಕ್ಟರ್ ಒಳ್ಳೆಯವ್ರು ಕೆಟ್ಟವ್ರು ಅನ್ನೋ ಲೆಕ್ಕ ಅಲ್ಲ ಇದು, ಸರಾಸರಿ ಖರ್ಚಲ್ಲಿ ಪ್ಲಾನ್ ಎಷ್ಟು ಹೊರುತ್ತೆ ಅನ್ನೋದು ಅಷ್ಟೇ, ಬ್ರಾಂಜಲ್ಲಿ ಸುಮಾರು 60%, ಸಿಲ್ವರಲ್ಲಿ 70%, ಗೋಲ್ಡಲ್ಲಿ 80%. ತಿಂಗಳ ಪ್ರೀಮಿಯಂ ಕಡಿಮೆ ಅಂತ ಎಲ್ರೂ ಬ್ರಾಂಜ್‌ಗೆ ಬೀಳ್ತಾರೆ. ಡಿಡಕ್ಟಿಬಲ್ (ಪ್ಲಾನ್ ಕೊಡೋಕೆ ಶುರು ಮಾಡೋ ಮುಂಚೆ ನೀವೇ ಕಟ್ಟಬೇಕಾದ ಮೊತ್ತ) 7000 ಡಾಲರ್ ಇದೆ ಅನ್ಕೊಳ್ಳಿ, ಕೈ ಮುರಿದು ಎಮರ್ಜೆನ್ಸಿಗೆ ಹೋದ್ರೆ ಆ 7000 ಮುಗಿಯೋವರೆಗೂ ಬಿಲ್ ಹೆಚ್ಚುಕಮ್ಮಿ ಪೂರ್ತಿ ನಿಮ್ದೇ. ನಿಮ್ಮ ಆದಾಯ ಬಡತನ ರೇಖೆಯ 250% ಒಳಗಿದ್ರೆ ಸಿಲ್ವರನ್ನೇ ನೋಡಿ, ಡಿಡಕ್ಟಿಬಲ್, ಕೋಪೇ (ಪ್ರತಿ ಸಲ ಡಾಕ್ಟರ್‌ಗೋ ಔಷಧಿಗೋ ನೀವು ಕಟ್ಟೋ ಪಾಲು) ಎಲ್ಲ ಇಳಿಯೋದು ಸಿಲ್ವರಲ್ಲಿ ಮಾತ್ರ, 150% ಒಳಗಿದ್ರಂತೂ ಅದೇ ಸಿಲ್ವರ್ 94% ಹೊರುತ್ತೆ, ಅಂದ್ರೆ ಗೋಲ್ಡ್‌ಗೂ ಮೇಲಿನ ಮಟ್ಟವಾದ ಪ್ಲಾಟಿನಮ್‌ಗಿಂತ ಮೇಲು.

ಡಾಕ್ಟರ್ ಹೆಸರು, ದಿನಾ ತಗೊಳ್ಳೋ ಮಾತ್ರೆ ಎರಡನ್ನೂ ಪ್ಲಾನ್ ಪೇಜಲ್ಲಿ ಹಾಕಿ, ಆ ಪ್ಲಾನಲ್ಲಿ ಬರುತ್ತಾ ಅಂತ ಚೆಕ್ ಮಾಡಿ. ಶಾರ್ಟ್ ಟರ್ಮ್ ಪ್ಲಾನ್ (ಕೆಲವೇ ತಿಂಗಳ ತಾತ್ಕಾಲಿಕ ಇನ್ಶೂರೆನ್ಸ್) ಅಗ್ಗ ಅಂತ ಯಾರಾದ್ರೂ ಮಾರೋಕೆ ಬಂದ್ರೆ ಬೇಡ ಅನ್ನಿ, ಶುಗರ್ ಬಿಪಿ ಮೊದಲೇ ಇತ್ತು ಅಂತ ಅವ್ರು ಕೈ ಎತ್ತಬಹುದು, ಮಾರ್ಕೆಟ್‌ಪ್ಲೇಸ್ ಪ್ಲಾನ್ ಹಾಗೆ ಮಾಡೋ ಹಾಗಿಲ್ಲ.

ಆಮೇಲೆ, ಪ್ಲಾನ್ ಸೆಲೆಕ್ಟ್ ಮಾಡಿ ಸುಮ್ನೆ ಕೂತ್ಕೋಬೇಡಿ, ಮೊದಲ ಪ್ರೀಮಿಯಂ ಕಟ್ಟೋವರೆಗೂ ಕವರೇಜ್ ಶುರುವಾಗಲ್ಲ.