ಜಿಯೋಕ್ಯಾಶಿಂಗ್‌ಗೆ ಜಿಪಿಎಸ್ ಸಾಧನ: ಕೊಳ್ಳುವ ಮುನ್ನ ಏನೇನು ನೋಡಬೇಕು?

ಯಾರೋ ಬಚ್ಚಿಟ್ಟ ಡಬ್ಬಿಯನ್ನು ಅಕ್ಷಾಂಶ, ರೇಖಾಂಶಗಳ ಜಾಡು ಹಿಡಿದು ಹುಡುಕಿ, ಒಳಗಿರುವ ಪುಸ್ತಕದಲ್ಲಿ ಹೆಸರು ಬರೆದು, ಮತ್ತೆ ಅಲ್ಲೇ ಇಟ್ಟು ಬರುವ ಆಟ ಜಿಯೋಕ್ಯಾಶಿಂಗ್. ಅಮೆರಿಕ ಸರ್ಕಾರ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸಿ ಜನಸಾಮಾನ್ಯರಿಗೆ ಕೊಡುತ್ತಿದ್ದ ಕಾಲದಲ್ಲಿ ಲೆಕ್ಕ ನೂರು ಮೀಟರಿನಷ್ಟು ತಪ್ಪುತ್ತಿತ್ತು; ಇಂಥ ಆಟ ಸಾಧ್ಯವೇ ಇರಲಿಲ್ಲ. 2000ದ ಮೇ ತಿಂಗಳ ಆರಂಭದಲ್ಲಿ ಆ ಪದ್ಧತಿ ನಿಂತಿತು. ಮೇ 3ರಂದೇ ಡೇವ್ ಉಲ್ಮರ್ ಎಂಬವರು ಒರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಬಕೆಟ್ ಒಂದನ್ನು ಅಡಗಿಸಿಟ್ಟು ಅದರ ನಿರ್ದೇಶಾಂಕಗಳನ್ನು ಪ್ರಕಟಿಸಿದರು.

ಅಂದಿನಿಂದ ಸಾಧನಗಳು ಬಹಳ ಬದಲಾಗಿವೆ, ಜಾಹೀರಾತುಗಳು ಇನ್ನೂ ಹೆಚ್ಚು. ಆದ್ದರಿಂದ ಡಬ್ಬದ ಮೇಲೆ ಅಚ್ಚಾದ ಪಟ್ಟಿಯನ್ನು ಬದಿಗಿಟ್ಟು, ಹುಡುಕಾಟದ ಹೊತ್ತಿಗೆ ಕೈಗೆ ಏನು ಬೇಕಾಗುತ್ತದೆ ಎಂಬಲ್ಲಿಂದ ಶುರು ಮಾಡೋಣ.

ಮೊದಲ ಪ್ರಶ್ನೆ: ನಿಜಕ್ಕೂ ಬೇಕೇ?

ಊರೊಳಗಿನ ಉದ್ಯಾನಗಳಲ್ಲಿ ವರ್ಷಕ್ಕೆ ಕೆಲವು ಸಲ ಹುಡುಕುವವರಿಗೆ ಮೊಬೈಲ್ ಸಾಕು. ದುಡ್ಡು ಉಳಿಸಿಕೊಳ್ಳಿ. ನೆಟ್‌ವರ್ಕ್ ಇಲ್ಲದ ಕಡೆಯೂ ಮೊಬೈಲಿನ ಜಿಪಿಎಸ್ ಕೆಲಸ ಮಾಡುತ್ತದೆ. ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಬೇಕು, ಅಷ್ಟೆ. ಪ್ರತ್ಯೇಕ ಸಾಧನದ ಬೆಲೆ ಗೊತ್ತಾಗುವುದು ದಿನಗಟ್ಟಲೆ ಕಾಡು ಅಲೆಯುವಾಗ, ಜಡಿಮಳೆಯಲ್ಲಿ, ಬೆರಳು ಮರಗಟ್ಟುವ ಚಳಿಯಲ್ಲಿ ಮತ್ತು ಕೈಜಾರಿ ಬಂಡೆಯ ಮೇಲೆ ಬಿದ್ದಾಗ.

ನಿಖರತೆಯ ಮಾತಿಗೆ ಮರುಳಾಗಬೇಡಿ

ತೆರೆದ ಆಕಾಶದ ಕೆಳಗೆ ಒಳ್ಳೆಯ ಸಾಧನವೂ ಮೂರರಿಂದ ಐದು ಮೀಟರ್ ಆಚೀಚೆ ತೋರಿಸುತ್ತದೆ. ಡಬ್ಬಿ ಇಟ್ಟವರ ಸಾಧನವೂ ಅಷ್ಟೇ ತಪ್ಪಿರಬಹುದು. ಎರಡೂ ತಪ್ಪು ವಿರುದ್ಧ ದಿಕ್ಕಿಗೆ ಬಿದ್ದರೆ ನೀವು ಹತ್ತು ಮೀಟರ್ ದೂರದ ಪೊದೆಯಲ್ಲಿ ಕೈಯಾಡಿಸುತ್ತಿರುತ್ತೀರಿ. ಅನುಭವಿಗಳು ಹತ್ತಿರ ಬಂದ ಮೇಲೆ ಸಾಧನವನ್ನು ಜೇಬಿಗೆ ಸೇರಿಸಿ ಕಣ್ಣಿಗೆ ಕೆಲಸ ಕೊಡುವುದು ಇದಕ್ಕೇ. ಕೊನೆಯ ಹತ್ತು ಮೀಟರನ್ನು ಯಾವ ಕಂಪನಿಯೂ ಮಾರುವುದಿಲ್ಲ.

ಹಾಗೆಂದು ಎಲ್ಲವೂ ಒಂದೇ ಎಂದಲ್ಲ. ಅಕ್ಷಾಂಶ, ರೇಖಾಂಶ, ಎತ್ತರಗಳ ಜತೆಗೆ ತನ್ನ ಗಡಿಯಾರದ ತಪ್ಪನ್ನೂ ಲೆಕ್ಕ ಹಾಕಬೇಕಾದ್ದರಿಂದ ಸಾಧನಕ್ಕೆ ಕನಿಷ್ಠ ನಾಲ್ಕು ಉಪಗ್ರಹಗಳು ಬೇಕು. ಕಣಿವೆಯಲ್ಲಿ ಕಾಣುವ ಆಕಾಶವೇ ಒಂದು ಪಟ್ಟಿಯಷ್ಟು. ಅಲ್ಲಿ ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೋ, ಚೀನಾದ ಬೈಡೌ ಉಪಗ್ರಹಗಳನ್ನೂ ಹಿಡಿಯಬಲ್ಲ ಸಾಧನ ಗೆಲ್ಲುತ್ತದೆ. ಇನ್ನು ಎಲ್1 ಮತ್ತು ಎಲ್5 ಎಂಬ ಎರಡು ತರಂಗಾಂತರಗಳನ್ನು ಬಳಸುವ ಮಾದರಿಗಳಿವೆ. ಗಾರ್ಮಿನ್ ಕಂಪನಿಯ ಜಿಪಿಎಸ್‌ಮ್ಯಾಪ್ 65 ಮತ್ತು 67 ಆ ಜಾತಿಯವು. ಬಂಡೆಗೋಡೆಗೋ ಎತ್ತರದ ಕಟ್ಟಡಕ್ಕೋ ಬಡಿದು ತಡವಾಗಿ ಬರುವ ಸಂಕೇತವನ್ನು ಇವು ಚೆನ್ನಾಗಿ ಸೋಸುತ್ತವೆ. ನೀವು ಹುಡುಕುವುದು ಬಯಲಿನಲ್ಲೇ ಆದರೆ ಇದಕ್ಕೆ ಹೆಚ್ಚು ಹಣ ಸುರಿಯಬೇಕಾಗಿಲ್ಲ.

ನಿಂತಲ್ಲೇ ತಿರುಗಿ ನೋಡಿ

ಅಂಗಡಿಯಲ್ಲಿ ಮಾಡಬೇಕಾದ ಮುಖ್ಯ ಪರೀಕ್ಷೆ ಇದು. ದಿಕ್ಸೂಚಿಯ ಪರದೆ ತೆರೆದು, ಸಾಧನ ಹಿಡಿದು, ನಿಂತ ಜಾಗದಲ್ಲೇ ನಿಧಾನವಾಗಿ ಒಂದು ಸುತ್ತು ತಿರುಗಿ. ಬಾಣವೂ ತಿರುಗಿದರೆ ಒಳಗೆ ಎಲೆಕ್ಟ್ರಾನಿಕ್ ದಿಕ್ಸೂಚಿ ಇದೆ. ಅಲುಗಾಡದೆ ಕುಳಿತರೆ, ನಡೆಯುವಾಗ ಮಾತ್ರ ದಿಕ್ಕು ಹೇಳುವ ಸಾಧನ ಅದು. ದಾರಿಯುದ್ದಕ್ಕೂ ಅದರಿಂದ ತೊಂದರೆಯಿಲ್ಲ. ಡಬ್ಬಿಯ ಹತ್ತಿರ ಬಂದು ಒಂದೊಂದೇ ಹೆಜ್ಜೆ ಇಡುವಾಗಲೇ ಬಾಣಕ್ಕೆ ಹುಚ್ಚು ಹಿಡಿಯುತ್ತದೆ: ಒಮ್ಮೆ ಮರದ ಕಡೆ, ಮರುಕ್ಷಣ ಬೆನ್ನ ಹಿಂದೆ. ನೋಡಲು ಒಂದೇ ಬಗೆಯ, ಗಾರ್ಮಿನ್‌ನದೇ ಇಟ್ರೆಕ್ಸ್ 22ಎಕ್ಸ್ ಮತ್ತು 32ಎಕ್ಸ್ ನಡುವಿನ ದೊಡ್ಡ ವ್ಯತ್ಯಾಸ ಇದೇ. ಎರಡನೆಯದರಲ್ಲಿ ಮೂರು ಅಕ್ಷಗಳ ದಿಕ್ಸೂಚಿಯೂ ಎತ್ತರ ಅಳೆಯುವ ವಾಯುಭಾರಮಾಪಕವೂ ಇವೆ. ವಾಯುಭಾರಮಾಪಕ ಇದ್ದರೆ ಸಂತೋಷ, ಇಲ್ಲದಿದ್ದರೂ ಆಟ ನಡೆಯುತ್ತದೆ. ದಿಕ್ಸೂಚಿಯ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ.

ಅಲ್ಲೇ ನಿಂತು ಒಂದು ನಿರ್ದೇಶಾಂಕವನ್ನೂ ತುಂಬಿ ನೋಡಿ. ಮೊದಲ ಬಕೆಟ್ ಇದ್ದ ಜಾಗವನ್ನೇ ತೆಗೆದುಕೊಳ್ಳಿ: ಉತ್ತರ 45° 17.460′, ಪಶ್ಚಿಮ 122° 24.800′. ಇದು ಡಿಗ್ರಿ ಮತ್ತು ದಶಮಾಂಶ ಮಿನಿಟುಗಳ ಲೆಕ್ಕ. ಈ ಆಟದಲ್ಲಿ ಎಲ್ಲರೂ ಬಳಸುವುದು ಇದನ್ನೇ. ಅಕ್ಷಾಂಶದಲ್ಲಿ ಕೊನೆಯ ಅಂಕಿ ಒಂದು ಬದಲಾದರೆ ಸುಮಾರು 1.85 ಮೀಟರ್ ಸರಿದಂತೆ. ಅದನ್ನೇ 45.17460 ಡಿಗ್ರಿ ಎಂದು ಓದಿಕೊಂಡರೆ ದಕ್ಷಿಣಕ್ಕೆ ಸುಮಾರು 13 ಕಿಲೋಮೀಟರ್ ದೂರ ಹೋಗಿ ನಿಲ್ಲುತ್ತೀರಿ. ಒಗಟು ಬಿಡಿಸಿ, ಅಥವಾ ಒಂದು ಸುಳಿವಿನಿಂದ ಇನ್ನೊಂದಕ್ಕೆ ಹೋಗಿ ಹುಡುಕುವ ಬಗೆಗಳಲ್ಲಿ ಇಂಥ ಅಂಕಿಗಳನ್ನು ದಾರಿಯಲ್ಲೇ ತುಂಬಬೇಕಾಗುತ್ತದೆ. ಗುಂಡಿ ಒತ್ತಿ ಒತ್ತಿ ಅಂಗಡಿಯಲ್ಲೇ ಬೇಸರ ಬಂದರೆ ಮಳೆಯಲ್ಲಿ ಏನಾದೀತು, ಯೋಚಿಸಿ.

ಮಾಹಿತಿ ಒಳಗೆ ಹೋಗುವುದು ಹೇಗೆ?

ಡಬ್ಬಿಗಳ ಮಾಹಿತಿ ತುಂಬಿಕೊಂಡು ಬರುವ ಜಿಪಿಎಕ್ಸ್ ಎಂಬ ಬಗೆಯ ಕಡತವನ್ನು ಸಾಧನ ಪೂರ್ತಿಯಾಗಿ ಓದಬೇಕು. ಎಂದರೆ ಡಬ್ಬಿ ಇರುವ ಬಿಂದು ಮಾತ್ರವಲ್ಲ, ಅದರ ವಿವರಣೆ, ಸುಳಿವು, ಒಂದರಿಂದ ಐದರವರೆಗಿನ ಕಷ್ಟದ ಅಂಕ, ಹಿಂದೆ ಹುಡುಕಿದವರ ಟಿಪ್ಪಣಿ ಎಲ್ಲವೂ ಪರದೆಯ ಮೇಲೆ ಬರಬೇಕು. ಬರೀ ಬಿಂದುಗಳನ್ನು ಇಟ್ಟುಕೊಳ್ಳುವ ಹಳೆಯ ಸಾಧನಗಳ ಜತೆ ಕಾಗದದ ಕಂತೆ ಹೊರಬೇಕು. ಮೊಬೈಲಿನ ಮೂಲಕ ನೇರವಾಗಿ ಹೊಸ ಡಬ್ಬಿಗಳ ವಿವರ ತರಿಸಿಕೊಳ್ಳುವ ಮಾದರಿಗಳೂ ಬಂದಿವೆ. ಇಟ್ರೆಕ್ಸ್ ಎಸ್‌ಇ ಅಂಥದ್ದು, ಆದರೆ ಅದರಲ್ಲಿ ನಕ್ಷೆ ಇಲ್ಲ. ನಕ್ಷೆ ಬೇಕೆನ್ನುವವರು ಜನರೇ ಸೇರಿ ರೂಪಿಸುವ ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರದ ಉಚಿತ ನಕ್ಷೆಗಳನ್ನು ಸಾಧನ ಒಪ್ಪುತ್ತದೆಯೇ, ಮೆಮೊರಿ ಕಾರ್ಡಿಗೆ ಜಾಗವಿದೆಯೇ ಎಂದು ಕೇಳಿ.

ಸೆಲ್, ಪರದೆ, ಗುಂಡಿ

ಎಎ ಸೆಲ್ ಹಾಕುವ ಸಾಧನಕ್ಕೆ ನನ್ನ ಮತ. ಮುಗಿದರೆ ಜೇಬಿನಿಂದ ಇನ್ನೆರಡು ತೆಗೆದು ಹಾಕಬಹುದು. 22ಎಕ್ಸ್ ಎರಡು ಸೆಲ್ಲಿನಲ್ಲಿ 25 ಗಂಟೆ ನಡೆಯುತ್ತದೆಂದು ಕಂಪನಿ ಹೇಳುತ್ತದೆ. ಪರದೆಯ ಬೆಳಕು ಹೆಚ್ಚಿಸಿದಷ್ಟೂ ಅದು ಇಳಿಯುತ್ತದೆ. ರೀಚಾರ್ಜ್ ಸೆಲ್ ಬಳಸಿದರೆ ಅದರ ಬಗೆಯನ್ನು ಸೆಟ್ಟಿಂಗ್‌ನಲ್ಲಿ ನಮೂದಿಸಿ, ಇಲ್ಲವಾದರೆ ಬ್ಯಾಟರಿ ಸೂಚಕ ಸುಳ್ಳು ಹೇಳುತ್ತದೆ. ಕಡುಚಳಿಗೆ ಲಿಥಿಯಂ ಎಎ ಸೆಲ್ ವಾಸಿ.

ಪರದೆಯನ್ನು ಅಂಗಡಿಯ ದೀಪದಡಿ ನೋಡಿ ಮೆಚ್ಚಬೇಡಿ. ಬಾಗಿಲಾಚೆಗೆ ಒಯ್ದು, ಒಳಬೆಳಕು ಆರಿಸಿ, ಬಿಸಿಲಿಗೆ ಹಿಡಿದು ಓದಿ. ಮೊಬೈಲ್ ಪರದೆ ಮಂಕಾಗುವ ಆ ಬಿಸಿಲಿನಲ್ಲೇ ಒಳ್ಳೆಯ ಸಾಧನದ ಅಕ್ಷರ ಇನ್ನಷ್ಟು ಸ್ಪಷ್ಟವಾಗುತ್ತದೆ. ಸ್ಪರ್ಶ ಪರದೆ ಚೆಂದ ನಿಜ, ಒದ್ದೆ ಬೆರಳಿಗೂ ಕೈಗವಸಿಗೂ ಗುಂಡಿಯೇ ಗಟ್ಟಿ.

ಹಳೆಯದನ್ನು ಕೊಳ್ಳುವುದಾದರೆ

ಸೆಲ್ ಕೂರುವ ಗೂಡಿನಲ್ಲಿ ಹಸಿರು ಕಿಲುಬು ಇದೆಯೇ, ಯುಎಸ್‌ಬಿ ಕಿಂಡಿಯ ರಬ್ಬರ್ ಮುಚ್ಚಳ ಬಿರುಕು ಬಿಟ್ಟಿದೆಯೇ ನೋಡಿ. ನೀರು ತಡೆಯುವ ಶಕ್ತಿಯ ದರ್ಜೆ ಐಪಿಎಕ್ಸ್7 ಎಂದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ ತಡೆಯಬೇಕು, ಆದರೆ ಆ ಭರವಸೆ ಹೊಸ ರಬ್ಬರಿಗೆ ಕೊಟ್ಟದ್ದು. ತಾರೀಖನ್ನೂ ಗಮನಿಸಿ. 2019ರ ಏಪ್ರಿಲ್‌ನಲ್ಲಿ ತಾರೀಖಿನ ಲೆಕ್ಕಕ್ಕೆ ಆಧಾರವಾದ ಜಿಪಿಎಸ್‌ನ ವಾರಗಣನೆ ಮತ್ತೆ ಸೊನ್ನೆಯಿಂದ ಶುರುವಾದಾಗ ಕೆಲವು ಹಳೆಯ ಸಾಧನಗಳು ಎಷ್ಟೋ ವರ್ಷ ಹಿಂದಿನ ದಿನಾಂಕ ತೋರಿಸತೊಡಗಿದವು.

ತಂದ ದಿನವೇ ಡೇಟಮ್ (ನಿರ್ದೇಶಾಂಕಗಳನ್ನು ಅಳೆಯಲು ಆಧಾರವಾಗಿಟ್ಟುಕೊಳ್ಳುವ ಭೂಮಿಯ ಮಾದರಿ) ಡಬ್ಲ್ಯೂಜಿಎಸ್ 84 ಆಗಿದೆಯೇ ಎಂದು ಖಚಿತಪಡಿಸಿಕೊಂಡು, ನಿರ್ದೇಶಾಂಕದ ಮಾದರಿಯನ್ನು ದಶಮಾಂಶ ಮಿನಿಟಿಗೆ ಬದಲಿಸಿ. ಆಂಟೆನಾ ಮೊಳಕೆಯಂತೆ ಮೇಲೆ ಚಾಚಿದ್ದರೆ ಸಾಧನವನ್ನು ನೆಟ್ಟಗೆ ಹಿಡಿಯುವುದು, ಇಲ್ಲದಿದ್ದರೆ ಅಂಗೈಯಲ್ಲಿ ಮಲಗಿಸಿ ಹಿಡಿಯುವುದು ರೂಢಿ ಮಾಡಿಕೊಳ್ಳಿ. ಸೆಲ್ ಬದಲಿಸಿದಾಗಲೆಲ್ಲ, ಕಾರು ಮತ್ತು ಕಬ್ಬಿಣದ ಬೇಲಿಯಿಂದ ದೂರ ನಿಂತು, ದಿಕ್ಸೂಚಿಯನ್ನು ಹೊಸದಾಗಿ ಹೊಂದಿಸಿಕೊಂಡೇ ಹೊರಡಿ.